ಲೈಕಾದ ಮೇಲೆ ಪಾರವ್ವನ ಹೆಸರು

ಡೊಂಬಿವಲಿಯ ರಾಮನಗರದ ಚಾಳಿನಲ್ಲಿ ಸೋಮಣ್ಣನಿಗೆ ಇಬ್ಬರು ಹೆಂಡಿರು ಎಂಬ ಮಾತಿತ್ತು. ಒಬ್ಬಳು ಪಾರವ್ವ, ಬಾಗಲಕೋಟೆ ಕಡೆಯವಳು, ತಾಳಿ ಕಟ್ಟಿಸಿಕೊಂಡು ಬಂದವಳು. ಇನ್ನೊಬ್ಬಳು ಜರ್ಮನಿಯವಳು. ಬೂದು ಮೈಬಣ್ಣ, ಕೈಯಗಲದ ದೇಹ, ಕಬ್ಬಿಣದ ಟ್ರಂಕಿನಲ್ಲಿ ಪಾರವ್ವನದೇ ಹಳೆಯ ಸೀರೆಯ ತುಂಡು ಹೊದ್ದು ಮಲಗಿರುತ್ತಿದ್ದಳು. ಈ ಮಾತು ಹುಟ್ಟಿಸಿದವಳು ಬೇರೆ ಯಾರೂ ಅಲ್ಲ, ಪಾರವ್ವನೇ.

"ನನ್ನ ಸೀರಿ ಹರದು ಸವತಿಗೆ ಹೊಚ್ಚೀನ್ರೆವ್ವಾ. ನನ್ನಂಥಾ ಪುಣ್ಯವಂತಿ ಈ ಡೊಂಬಿವಲ್ಯಾಗ ಯಾರದಾರ?" ಎಂದು ನಳದ ಸಾಲಿನಲ್ಲಿ ನಿಂತು ಆಕೆ ಶುರು ಮಾಡಿದರೆ, ಮುಂದಿದ್ದ ಹೆಂಗಸರು ನಕ್ಕು ನಕ್ಕು ಒಂದು ಕೊಡದ ಸರದಿ ಬಿಟ್ಟುಕೊಡುತ್ತಿದ್ದರು.

ಸವತಿ ಎಂದರೆ ಒಂದು ಲೈಕಾ ಕ್ಯಾಮೆರಾ. ಸೋಮಣ್ಣ ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕ್ಲಾರ್ಕ್. ಅಲ್ಲಿ ಯಂತ್ರ ಕೂರಿಸಲು ಬಂದಿದ್ದ ಜರ್ಮನ್ ಇಂಜಿನಿಯರೊಬ್ಬ ಭಾನುವಾರ ಬಂದರೆ ಸೋಮಣ್ಣನನ್ನು ಕಟ್ಟಿಕೊಂಡು ಕಲ್ಯಾಣದ ಉಪ್ಪುನೀರ ಖಾಡಿಯ ದೋಣಿ, ಕಳವಾ ಸ್ಟೇಷನ್ನಿನ ರೈಲು, ಏನು ಕಂಡರೂ ಫೋಟೋ ತೆಗೆಯುತ್ತ ತಿರುಗುತ್ತಿದ್ದ. ಎಪ್ಪತ್ತೆರಡರಲ್ಲಿ ತನ್ನ ದೇಶಕ್ಕೆ ಹೊರಟಾಗ, "ನಿನ್ನ ಕೈ ನಡುಗುವುದಿಲ್ಲ, ನೀನೇ ಇಟ್ಟುಕೋ" ಎಂದು ಕೊಟ್ಟು ಹೋದ. ಅವತ್ತಿನಿಂದ ಕಲ್ಯಾಣ, ಠಾಕುರ್ಲಿ, ಡೊಂಬಿವಲಿಯ ಕನ್ನಡದವರ ಮನೆಯಲ್ಲಿ ಮದುವೆ ಇರಲಿ, ತೊಟ್ಟಿಲು ಇರಲಿ, ಸಂಘದ ನಾಟಕ ಇರಲಿ, ಸೋಮಣ್ಣ ಹಾಜರು. ರೀಲಿನ ಖರ್ಚು ಅವರದು, ದುಡಿಮೆ ಇವನದು. ಎಲ್ಲರ ಮನೆಯ ಅಲ್ಬಮ್ಮಿನಲ್ಲೂ ಎಲ್ಲರೂ ಇದ್ದರು. ಸೋಮಣ್ಣ ಮಾತ್ರ ಎಲ್ಲೂ ಇಲ್ಲ. ಅಡುಗೆಯವನಿಗೆ ಊಟದ ಪಂಕ್ತಿಯಲ್ಲಿ ಜಾಗ ಇರುತ್ತದೆಯೇ?

ಆ ಕ್ಯಾಮೆರಾದ ಸ್ವಭಾವವೂ ವಿಚಿತ್ರ. ಹಿಂಬದಿಯಲ್ಲಿ ಅದಕ್ಕೆ ಎರಡು ಪುಟ್ಟ ಕಿಂಡಿ. ಒಂದರಲ್ಲಿ ಇಣುಕಿದರೆ ಎದುರಿಗಿರುವ ಒಬ್ಬ ಮನುಷ್ಯ ಇಬ್ಬರಾಗಿ ಕಾಣುತ್ತಾನೆ. ಮುಂದಿನ ಲೆನ್ಸನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಆ ಇಬ್ಬರೂ ಸರಿದು ಸರಿದು ಒಬ್ಬನಾಗುತ್ತಾರೆ. ಒಂದಾದರು ಎಂದರೆ ಫೋಟೋ ಸ್ಪಷ್ಟ ಬರುತ್ತದೆ ಎಂದರ್ಥ. ಆಮೇಲೆ ಪಕ್ಕದ ಕಿಂಡಿಗೆ ಕಣ್ಣು ಸರಿಸಿ, ಯಾರ ತಲೆ ಒಳಗಿದೆ, ಯಾರದು ಹೊರಗಿದೆ ನೋಡಿಕೊಂಡು ಗುಂಡಿ ಒತ್ತಬೇಕು. ಇದರಲ್ಲಿ ಒಂದು ಮೋಸವಿದೆ. ಕಣ್ಣಿನ ದಾರಿಯೇ ಬೇರೆ, ಲೆನ್ಸಿನ ದಾರಿಯೇ ಬೇರೆ. ಲೆನ್ಸಿನ ಮೇಲಿನ ಮುಚ್ಚಳ ತೆಗೆಯಲು ಮರೆತರೂ ಕಿಂಡಿಯಲ್ಲಿ ಲೋಕವೆಲ್ಲ ಝಗಮಗ ಕಾಣುತ್ತಲೇ ಇರುತ್ತದೆ.

ಹಾಗೆ ಮರೆತದ್ದು ಒಂದೇ ಒಂದು ಸಲ. ಮರೆತದ್ದಾದರೂ ಯಾರ ಮದುವೆಯಲ್ಲಿ? ಡೊಂಬಿವಲಿ ಸ್ಟೇಷನ್ ಎದುರು ಉಡುಪಿ ಹೋಟೆಲು ನಡೆಸುವ ಕಮಲಾಕ್ಷ ಭಟ್ಟರ ಮದುವೆಯಲ್ಲಿ. ಧಾರೆಯಿಂದ ಹಿಡಿದು ಊಟದವರೆಗೆ ಸೋಮಣ್ಣ ಬೆವರು ಸುರಿಸಿ ತೆಗೆದ ರೀಲು ಪೂರ್ತಿ ಖಾಲಿ. ಭಟ್ಟರು ದೋಸ್ತಿ ಬಿಡಲಿಲ್ಲ, ಆದರೆ ಮಾತೂ ಬಿಡಲಿಲ್ಲ. "ನಾನು ವನಮಾಲಾಳನ್ನು ಮದುವೆಯಾದದ್ದಕ್ಕೆ ಸಾಕ್ಷಿಯೇ ಇಲ್ಲ ಮಾರಾಯ್ರೇ. ನಾಳೆ ಅವಳು ಇಲ್ಲ ಅಂದರೆ ನಾನು ಎಂತ ತೋರಿಸುವುದು?" ಎಂದು ಹತ್ತು ವರ್ಷದಿಂದ, ಗಿರಾಕಿಗಳ ಎದುರಿಗೇ, ಗಲ್ಲಾದಲ್ಲಿ ಕುಳಿತು ಸೋಮಣ್ಣನ ಮಾನ ಕಳೆಯುತ್ತಿದ್ದರು. ಸೋಮಣ್ಣ ತಲೆ ತಗ್ಗಿಸಿ ಇಡ್ಲಿ ತಿನ್ನುತ್ತಿದ್ದ.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಇದೇ ಭಟ್ಟರು ಒಂದು ಸಂಜೆ ಚಾಳಿನ ಮೆಟ್ಟಿಲು ಏದುಸಿರು ಬಿಡುತ್ತ ಹತ್ತಿ ಬಂದರು. ಕೈಯಲ್ಲಿ ಹೋಟೆಲಿಗೆ ರದ್ದಿಯಲ್ಲಿ ಬಂದಿದ್ದ ಯಾವುದೋ ವಿಲಾಯತಿ ಪತ್ರಿಕೆಯ ಹಾಳೆ.

"ಸೋಮಣ್ಣ, ಇದು ನಿಮ್ಮದೇ ಕ್ಯಾಮೆರಾ ಅಲ್ಲವಾ? ಇದೇ ಬೂದು ಬಣ್ಣ, ಇದೇ ಮೂತಿ. ಲಂಡನ್ನಿನ ಏಲಂನಲ್ಲಿ ಎಷ್ಟಕ್ಕೆ ಹೋಯಿತು ಗೊತ್ತುಂಟಾ? ನಮ್ಮ ದುಡ್ಡಲ್ಲಿ ಹೇಳಿದರೆ ಠಾಕುರ್ಲಿಯಲ್ಲಿ ಒಂದು ಬ್ಲಾಕ್, ಸ್ವಂತ ಮನೆ, ಬುಕ್ ಮಾಡಬಹುದು!"

ಸೋಮಣ್ಣನ ಎದೆ ಧಸಕ್ಕೆಂದಿತು. ಹಾಳೆಯಲ್ಲಿದ್ದ ಸುದ್ದಿಗಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ಥಟ್ಟನೆ ನಿಂತಿತ್ತು, ಅದಕ್ಕೆ.

"ನಳಾ ಮನಿಯೊಳಗ ಇರತೈತೇನ್ರಿ ಭಟ್ರ, ಆ ಬ್ಲಾಕಿನ್ಯಾಗ?" ಎಂದು ಒಳಗಿನಿಂದ ಪಾರವ್ವನ ದನಿ ಬಂತು.

"ಇರದೆ ಮತ್ತೆ? ಅಡುಗೆಮನೆಗೆ ಒಂದು, ಬಚ್ಚಲಿಗೆ ಒಂದು, ಪಾರಕ್ಕ."

ಮುಗಿಯಿತು. ಮದುವೆಯಾದ ಹೊಸದರಲ್ಲಿ ಸೋಮಣ್ಣ ಉಮೇದಿನಲ್ಲಿ ಒಂದು ಮಾತು ಕೊಟ್ಟಿದ್ದ: "ಒಳಗ ನಳ ಇರೋ ಮನಿಗೆ ನಿನ್ನ ಕರಕೊಂಡು ಹೋಗದಿದ್ರ ಕೇಳು." ಹೊಸ ಗಂಡಂದಿರು ಏನೇನೋ ಹೇಳುತ್ತಾರೆ, ಬುದ್ಧಿವಂತ ಹೆಂಡಿರು ಮರೆಯುತ್ತಾರೆ. ಪಾರವ್ವ ಬುದ್ಧಿವಂತೆಯೇ, ಆದರೆ ದಿನಾ ಬೆಳಕು ಹರಿಯುವ ಮುಂಚೆ ಕೊಡ ಹಿಡಿದು ಮಹಡಿ ಇಳಿಯುವವಳು ಮರೆಯುವುದಾದರೂ ಹೇಗೆ? ಆಕೆ ಕೂಗಾಡಲಿಲ್ಲ, ಅಳಲಿಲ್ಲ. ಬಂದು, ಕೈಯ ಹಿಟ್ಟು ಒರೆಸಿಕೊಂಡು, ಹಾಳೆಯಲ್ಲಿದ್ದ ಕ್ಯಾಮೆರಾದ ಚಿತ್ರವನ್ನು ಒಂದು ನಿಮಿಷ ನೋಡಿದಳು.

"ನಿಮ್ಮ ಜೀವಾ ಅದರಾಗ ಐತಿ ಅಂತ ನನಗ ಗೊತ್ತೈತ್ರಿ. ನೀವು ಹೂಂ ಅಂದ್ರಷ್ಟ," ಎಂದಳು.

ಜಗಳವಾಡಿದ್ದರೆ ಸೋಮಣ್ಣ ಗೆಲ್ಲುತ್ತಿದ್ದನೋ ಏನೋ. ಹೀಗೆ ಕೇಳಿದವಳಿಗೆ ಇಲ್ಲ ಎನ್ನುವ ಗಂಡು ಇನ್ನೂ ಹುಟ್ಟಿಲ್ಲ. "ಹೂಂ" ಎಂದ.

ಠಾಣೆಯ ಕೆರೆಯ ಹಿಂದೆ ಒಂದು ಹಳೆಯ ಬಂಗಲೆ. ಅದರ ಯಜಮಾನ ಹೋಮಿ ಸೇಠ್ ಎಂಬ ಮುದುಕ ಪಾರ್ಸಿ. ತಿಂಗಳ ಕೊನೆಯ ಭಾನುವಾರ ಅವನ ವರಾಂಡದಲ್ಲಿ ಹಳೆಯ ಗಡಿಯಾರ, ಗ್ರಾಮಫೋನು, ಕ್ಯಾಮೆರಾಗಳ ಹರಾಜು ನಡೆಯುತ್ತಿತ್ತು. ಮುಂಬಯಿಯ ಶ್ರೀಮಂತ ಶೋಕಿಲಾಲರು ಕಾರು ಮಾಡಿಕೊಂಡು ಬರುತ್ತಿದ್ದರು. ಹರಾಜಿಗೆ ಒಂದು ವಾರ ಮೊದಲೇ ಸೋಮಣ್ಣ ಕ್ಯಾಮೆರಾ ತೋರಿಸಲು ಹೋದ. ಹೋಮಿ ಸೇಠ್ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಕೂದಲೆಳೆಯ ಗೀರು ಕೂಡ ಬಿಡಲಿಲ್ಲ.

"ಯುದ್ಧಕಾಲದ್ದು, ದೀಕ್ರಾ, ಮಗನೇ," ಎಂದ ಹಿಂದಿಯಲ್ಲಿ. "ಆಗ ಹೊಳೆಯುವ ಲೇಪಕ್ಕೆ ಲೋಹ ಸಿಗದೆ ಹೀಗೆ ಬೂದು ಬಣ್ಣ ಬಳಿದರು. ಮಾಡಿದ್ದು ಸ್ವಲ್ಪ, ಉಳಿದದ್ದು ಇನ್ನೂ ಸ್ವಲ್ಪ. ಬಣ್ಣ ಮೊದಲಿನದೇ, ಚರ್ಮ ಮೊದಲಿನದೇ. ನೀನು ಮಗುವಿನ ಹಾಗೆ ಸಾಕಿದ್ದೀಯ."

"ಫೋಟೋನೂ ಛಲೋ ಬರತಾವ್ರಿ ಸೇಠ್," ಎಂದು ಸೋಮಣ್ಣ ತನ್ನ ಕನ್ನಡ ಬೆರೆತ ಹಿಂದಿಯಲ್ಲಿ ಹೆಮ್ಮೆಯಿಂದ ಹೇಳಿದ.

ಸೇಠ್ ನಕ್ಕ. "ಫೋಟೋ ಯಾರಿಗೆ ಬೇಕು? ಕೊಂಡವರು ಇದನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ ಇರಬೇಕು, ಬೆಲೆ ಅದಕ್ಕೆ. ಇಲ್ಲಿ ನೋಡು, ತಲೆಯ ಮೇಲೆ, ಇಲ್ಲಿ ಜರ್ಮನ್ ಸೇನೆಯ ಹೆಸರು ಕೆತ್ತಿದ್ದಿದ್ದರೆ ಡಬಲ್ ಬರುತ್ತಿತ್ತು. ಇರಲಿ, ಹೀಗೂ ಒಳ್ಳೆಯ ಬೆಲೆ ಬರುತ್ತದೆ. ಒರೆಸಬೇಡ, ಉಜ್ಜಬೇಡ, ಭಾನುವಾರ ತೆಗೆದುಕೊಂಡು ಬಾ."

ಬೀಗ ಹಾಕಿದ ಕಪಾಟು! ಲೋಕಲಿನ ಬಾಗಿಲಲ್ಲಿ ನೇತಾಡುತ್ತ ಸೋಮಣ್ಣ ಅದನ್ನೇ ನೆನೆದು ನೆನೆದು ಸಂಕಟಪಟ್ಟ. ಇಷ್ಟು ಮದುವೆ, ಇಷ್ಟು ತೊಟ್ಟಿಲು ಕಂಡ ಕಣ್ಣನ್ನು ಕಟ್ಟಿ ಕೂರಿಸುವುದೇ? ಇದೆಂಥ ಅಭಿಮಾನ, ಇದೆಂಥ ಸಂಗ್ರಹ! ಅವರ ಮನೆ ಹಾಳಾಗಲಿ ಎಂದು ಕಳವಾ ಸ್ಟೇಷನ್ನಿನಿಂದ ದಿವಾ ಸ್ಟೇಷನ್ನಿನವರೆಗೂ ಬೈದ.

ಊಟಕ್ಕೆ ಕುಳಿತಾಗ ಪಾರವ್ವ ಕೇಳಿದಳು, "ಏನಂದ್ರು?"

ಸೋಮಣ್ಣನಿಗೆ ಮಾತು ಬೇಡವಾಗಿತ್ತು. ಬಾಯಿತುಂಬ ರೊಟ್ಟಿ ತುರುಕಿಕೊಂಡು, "ಛಲೋ ಬರತೈತಂತ. ತಲಿ ಮ್ಯಾಲೆ ಹೆಸರು ಕೆತ್ತಿದ್ದರ ಡಬಲ್ ಬರತಿತ್ತಂತ," ಎಂದ. ಯಾರ ಹೆಸರು ಎಂಬುದು ರೊಟ್ಟಿಯ ಜೊತೆಗೇ ಒಳಗೆ ಹೋಯಿತು.

ಪಾರವ್ವ ಆಮೇಲೆ ಏನೂ ಕೇಳಲಿಲ್ಲ. ಕೇಳುವಂಥದ್ದು ಏನಿದೆ? ಹೆಸರಿಗೆ ಬೆಲೆ ಇದೆ ಎಂಬುದು ಅವಳಿಗೆ ಯಾವ ಪಾರ್ಸಿಯೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಮನೆಯ ತಂಬಿಗೆ, ತಾಟು, ಚರಗಿ, ಸೌಟು ಎಲ್ಲದರ ಮೇಲೂ ಹೆಸರು. ಸಂಘದ ಕಾರ್ಯಕ್ರಮಕ್ಕೆ ಊರ ಪಾತ್ರೆಯೆಲ್ಲ ಒಂದೇ ಕಡೆ ಬಂದು ಬೀಳುತ್ತದಲ್ಲ, ಹೆಸರು ಹಾಕಿಸಿದವರ ಪಾತ್ರೆ ಮಾತ್ರ ಮನೆಗೆ ವಾಪಸು ಬರುತ್ತದೆ. "ಹೆಸರಿಲ್ಲದ ಭಾಂಡೆ ಊರಿನ ಪಾಲು" ಎಂಬುದು ಅವಳ ವೇದವಾಕ್ಯ. ಮೇಲಾಗಿ ಯಾರೋ ಪಾರ್ಸಿಯ ವರಾಂಡ, ಮೇಜಿನ ಮೇಲೆ ಅಂಥವೇ ಹತ್ತು ಡಬ್ಬಿ. ಅದಲು ಬದಲು ಮಾಡಿದರೆ ಈ ಭೋಳೇಶಂಕರನಿಗೆ ತಿಳಿಯುತ್ತದೆಯೇ?

ಶನಿವಾರ ಸೋಮಣ್ಣ ಡ್ಯೂಟಿಗೆ ಹೋದದ್ದೇ, ಪಾರವ್ವ ಕ್ಯಾಮೆರಾವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಜಾರಿನ ಜಟ್ಟೆಪ್ಪನ ಭಾಂಡೆ ಅಂಗಡಿಗೆ ಹೋದಳು. ಜಟ್ಟೆಪ್ಪ ವಿಜಾಪುರ ಕಡೆಯವ. ಪಾತ್ರೆ ಕೊಂಡವರಿಗೆ ಮರಾಠಿ ಬೇಕೆಂದರೆ ಮರಾಠಿ, ಕನ್ನಡ ಬೇಕೆಂದರೆ ಕನ್ನಡ, ಕರೆಂಟಿನ ಪೆನ್ನಿನಲ್ಲಿ ಗುಂಯ್ ಎಂದು ಹೆಸರು ಹಾಕಿಕೊಡುತ್ತಿದ್ದ. ಮುಂದೆ ನಡೆದದ್ದನ್ನು ಆಮೇಲೆ ಅವನೇ ಬಜಾರಿಗೆಲ್ಲ ಸಾರಿದ.

"ಯಾರ ಹೆಸರು ಹಾಕಲೆವ್ವಾ?" ಎಂದನಂತೆ ಜಟ್ಟೆಪ್ಪ.

ಪಾರವ್ವ ನಾಚಿ ನೀರಾದಳಂತೆ. ಗಂಡನ ಹೆಸರು ಬಾಯಿಬಿಟ್ಟು ಹೇಳುವುದುಂಟೇ? ಮದುವೆಯಲ್ಲಿ ಹೊಸ್ತಿಲ ಮೇಲೆ ನಿಲ್ಲಿಸಿ ಒಡಪು, ಅಂದರೆ ಗಂಡನ ಹೆಸರು ಪೋಣಿಸಿದ ಪದ್ಯ, ಹಾಕಿಸಿದಾಗ ಒಂದು ಸಲ ಹೇಳಿದ್ದೇ ಕೊನೆ. ಸೋಮಣ್ಣನೂ ಅಷ್ಟೇ, ಅವಳ ಹೆಸರು ಹಿಡಿದು ಕರೆದವನಲ್ಲ. ಮಗಳು ವಿಮಲಾ ಹುಟ್ಟಿದ ಮೇಲೆ "ವಿಮಲಾನವ್ವಾ", ಅದಕ್ಕೂ ಮುಂಚೆ "ಏ, ಇಲ್ಲಿ ಕೇಳ". ಹೀಗೇ ಇಬ್ಬರದೂ ಸಂಸಾರ ಸಾಗಿತ್ತು.

"ಒಡಪು ಹಾಕಿ ಹೇಳಬೇ, ಕೇಳತೀನಿ," ಎಂದು ಜಟ್ಟೆಪ್ಪ ಛೇಡಿಸಿದನಂತೆ.

"ನಿನ್ನ ಒಡಪು ನಿನ್ನ ಗಲ್ಲಾಪೆಟಗ್ಯಾಗ ಇಡು. ನನ್ನ ಹೆಸರ ಹಾಕು," ಎಂದಳಂತೆ ಪಾರವ್ವ.

ಹೀಗಾಗಿ ಯುದ್ಧಕಾಲದ ಜರ್ಮನ್ ಲೈಕಾದ ನೆತ್ತಿಯ ಮೇಲೆ, ಬೂದು ಬಣ್ಣ ಎದ್ದು ಬೆಳ್ಳಗೆ ಹೊಳೆಯುವಂತೆ, ಚುಕ್ಕಿ ಚುಕ್ಕಿ ಅಕ್ಷರದಲ್ಲಿ "ಪಾರವ್ವ, ಡೊಂಬಿವಲಿ" ಎಂದು ಬಂತು. ಕೊನೆಗೊಂದು ಹೂವು ಕೂಡ ಬಂತು. ಹೂವಿಗೆ ಜಟ್ಟೆಪ್ಪ ದುಡ್ಡು ತೆಗೆದುಕೊಳ್ಳಲಿಲ್ಲ.

ಭಾನುವಾರ ಹೊರಡುವಾಗ ಸೋಮಣ್ಣನಿಗೆ ಟ್ರಂಕು ತೆರೆಯುವ ಧೈರ್ಯವಾಗಲಿಲ್ಲ. "ನೀನ ಕಟ್ಟಿ ಕೊಡು, ನನ್ನ ಕೈಲಿ ಆಗಂಗಿಲ್ಲ," ಎಂದ. ಪಾರವ್ವ ಆಗಲೇ ಟವೆಲಿನಲ್ಲಿ ಸುತ್ತಿ ಇಟ್ಟಿದ್ದಳು. ಇಳಕಲ್ ಸೀರೆ ಉಟ್ಟು ತಾನೂ ಹೊರಟಳು. ಅವಳ ಮುಖದಲ್ಲಿ ಏನೋ ಗುಟ್ಟಿನ ಕಳೆ ಇತ್ತು. ನಳದ ಕನಸು ಇರಬೇಕು ಎಂದುಕೊಂಡ ಸೋಮಣ್ಣ.

ಹೋಮಿ ಸೇಠ್ ವರಾಂಡದ ಆಚೆ ತುದಿಯಲ್ಲಿ ಒಂದು ಗಡಿಯಾರದ ಜೊತೆ ಒದ್ದಾಡುತ್ತಿದ್ದ. ಸೋಮಣ್ಣ ಮೇಜಿನ ಮೇಲೆ ಗಂಟು ಇಟ್ಟು ಬಿಚ್ಚಿದ. ಬಿಚ್ಚಿದವನು ಕಲ್ಲಾಗಿ ನಿಂತ. ಕಣ್ಣು ಮುಚ್ಚಿ ತೆರೆದು ನೋಡಿದ. ಹೆಸರು ಅಲ್ಲೇ ಇತ್ತು. ಹೂವೂ ಅಲ್ಲೇ ಇತ್ತು.

"ಡಬಲ್!" ಎಂದು ಪಾರವ್ವ ಪಿಸುಗುಟ್ಟಿ ಮೊಣಕೈಯಿಂದ ತಿವಿದಳು.

ಸೋಮಣ್ಣನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬೈಯಲು ಬಾಯಿ ತೆರೆದ. ಅವಳ ಮುಖ ನೋಡಿದ. ಗೆದ್ದ ಖುಷಿಯಲ್ಲಿ ಅವಳ ಮೂಗುತಿ ಕೂಡ ಹೊಳೆಯುತ್ತಿತ್ತು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಅಷ್ಟರಲ್ಲಿ ಶೋಕಿಲಾಲರು ಮುತ್ತಿಕೊಂಡರು. ಬಿಳಿ ಸಫಾರಿ ಸೂಟಿನವರೊಬ್ಬರು ಕ್ಯಾಮೆರಾ ಎತ್ತಿ ಬೆಳಕಿಗೆ ಹಿಡಿದರು. ದಪ್ಪ ಕನ್ನಡಕದ ಇನ್ನೊಬ್ಬರು ಅವರ ಹೆಗಲ ಮೇಲಿಂದ ಬಗ್ಗಿದರು.

"ಇದು ಯಾವ ಲಿಪಿ? ಗುಂಡಗುಂಡಗೆ ಇದೆ. ಬರ್ಮಾದ್ದು!" ಎಂದರು ಕನ್ನಡಕದವರು.

"ಸಯಾಮಿನದೂ ಇರಬಹುದು. ಹೂವು ನೋಡಿ, ರಾಜಮುದ್ರೆ. ಯುದ್ಧದಲ್ಲಿ ಜರ್ಮನ್ನರು ಯಾರೋ ಜನರಲ್‌ಗೆ ಕೊಟ್ಟದ್ದು. ಇಂಥದ್ದು ನಾನು ಪುಸ್ತಕದಲ್ಲೂ ನೋಡಿಲ್ಲ," ಎಂದರು ಸಫಾರಿಯವರು. ಹರಾಜು ಶುರುವಾಗುವ ಮೊದಲೇ ಇಬ್ಬರೂ ಒಬ್ಬರ ಮೇಲೊಬ್ಬರು ಬೆಲೆ ಏರಿಸತೊಡಗಿದರು.

ಗದ್ದಲ ಕೇಳಿ ಹೋಮಿ ಸೇಠ್ ಬಂದ. ಕ್ಯಾಮೆರಾ ನೋಡಿದ. ವಾರದ ಹಿಂದೆ ಬೋಳಾಗಿದ್ದ ನೆತ್ತಿಯ ಮೇಲೆ ಇವತ್ತು ಬರ್ಮಾದ ಜನರಲ್ ಬಂದು ಕುಳಿತಿದ್ದನ್ನು ಕಂಡು ಅವನ ಹುಬ್ಬು ಟೊಪ್ಪಿಗೆಯೊಳಗೆ ಹೋಯಿತು. ಆದರೆ ಮಾತಾಡಲಿಲ್ಲ. ಮಾತಾಡಿದರೆ ಕಮಿಷನ್ನಿಗೆ ಕುತ್ತು. ನಿನ್ನ ಮಾಲು, ನಿನ್ನ ನಾಲಿಗೆ ಎನ್ನುವಂತೆ ಸೋಮಣ್ಣನ ಕಡೆ ನೋಡಿ ಸುಮ್ಮನಾದ.

"ಏನಂತಾರ್ರೀ?" ಎಂದಳು ಪಾರವ್ವ.

"ಬರ್ಮಾದ ಜನರಲ್‌ನ ಹೆಸರು ಅಂತಾರ."

"ಅನ್ನಲಿ ಬಿಡ್ರಿ ಪಾಪ. ನಳ ಬರತೈತಿ."

ಸಫಾರಿಯವರು ಸೋಮಣ್ಣನ ಕಡೆ ತಿರುಗಿದರು. "ನಿಮ್ಮ ಹತ್ತಿರ ಇಷ್ಟು ವರ್ಷ ಇತ್ತಲ್ಲ, ಇದರ ಮೇಲೆ ಏನು ಬರೆದಿದೆ, ನಿಮಗೆ ಗೊತ್ತಿದೆಯೇ?"

ಗೊತ್ತಿಲ್ಲ ಎಂದರೆ ಸಾಕಿತ್ತು. ಸುಳ್ಳು ಕೂಡ ಹೇಳಬೇಕಾಗಿರಲಿಲ್ಲ, ತಲೆಯನ್ನು ಒಂದು ಸಲ ಅತ್ತಿತ್ತ ಆಡಿಸಿದ್ದರೆ ಅಡುಗೆಮನೆಗೊಂದು ನಳ, ಬಚ್ಚಲಿಗೊಂದು ನಳ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವನಿಗೂ ತಿಳಿದಿತ್ತು. ಆದರೆ ಆ ಚುಕ್ಕಿ ಅಕ್ಷರಗಳನ್ನು ನೋಡುತ್ತ ನೋಡುತ್ತ ಅವನಿಗೆ ಒಂಥರಾ ಆಯಿತು. ಇಷ್ಟು ವರ್ಷ ತನ್ನ ಕೊಡ ಹೊತ್ತವಳು, ತನ್ನ ಶೋಕಿಗೆ ಸೀರೆ ಹರಿದು ಕೊಟ್ಟವಳು, ಅವಳ ಹೆಸರನ್ನು ಯಾವನೋ ಮೀಸೆಯ ಜನರಲ್‌ಗೆ ದಾನ ಮಾಡುವುದೇ? ಸುಳ್ಳಿನ ಪಾಪಕ್ಕೆ ಅವನು ಹೆದರಲಿಲ್ಲ. ಹೊಟ್ಟೆಕಿಚ್ಚಾಯಿತು, ಅಷ್ಟೇ.

"ಪಾರವ್ವ," ಎಂದ ಸೋಮಣ್ಣ, ವರಾಂಡಕ್ಕೆಲ್ಲ ಕೇಳುವಂತೆ. "ಪಾರವ್ವ ಅಂತ ಬರೆದಿದೆ. ಮೇರಿ ಬೀವಿ, ನನ್ನ ಹೆಂಡತಿಯ ಹೆಸರು. ಇವಳೇ."

ಆಮೇಲೆ ನಗು ಎದ್ದಿತು ನೋಡಿ! ಕನ್ನಡಕದವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹೋಮಿ ಸೇಠ್ ಕುರ್ಚಿ ಹಿಡಿದುಕೊಂಡು ನಕ್ಕ. ಪಾರವ್ವ ನಗಲಿಲ್ಲ. ಕಣ್ಣು ಪಿಳುಕಿಸದೆ ಗಂಡನನ್ನೇ ನೋಡುತ್ತಿದ್ದಳು.

ಸಫಾರಿಯವರು ವ್ಯವಹಾರಸ್ಥರು. ನಕ್ಕು ಮುಗಿಸಿ, "ಒಳ್ಳೆಯ ಮಾಲು ಕೆಟ್ಟಿತು. ಪರವಾಗಿಲ್ಲ. ಹೆಸರನ್ನು ಕೆರೆಸಿ, ಬೂದು ಬಣ್ಣ ಬಳಿಸಿಕೊಡಿ. ಅರ್ಧ ಬೆಲೆಗೆ ನಾನೇ ಒಯ್ಯುತ್ತೇನೆ," ಎಂದರು. ಆ ಅರ್ಧವೂ ಠಾಕುರ್ಲಿಯ ಬುಕಿಂಗಿಗೆ ಸಾಲುತ್ತಿತ್ತು. ಹೋಮಿ ಸೇಠ್‌ನ ಮಿಸ್ತ್ರಿ ಲೋಹ ಉಜ್ಜುವ ಕಾನಸು, ಪಾಲಿಶ್ ಕಾಗದ ಹಿಡಿದು ಬಂದೇಬಿಟ್ಟ.

ಸೋಮಣ್ಣ ಹೆಂಡತಿಗೆ ಎಲ್ಲ ಬಿಡಿಸಿ ಹೇಳಿದ. ಜರ್ಮನ್ ಸೇನೆಯ ಹೆಸರಿನ ಮಾತನ್ನೂ ಹೇಳಿದ. "ತಪ್ಪು ನಂದ. ಅವತ್ತು ಪೂರಾ ಹೇಳಲಿಲ್ಲ. ಇರಲಿ, ಮಾತು ಕೊಟ್ಟೀನಿ. ನಳ ಬರಲಿ," ಎಂದು ಮಿಸ್ತ್ರಿಗೆ ಹೂಂ ಅಂದು, ಮುಖ ಆ ಕಡೆ ತಿರುಗಿಸಿಕೊಂಡ.

ಕಾನಸು ಇನ್ನೂ ಅಕ್ಷರಕ್ಕೆ ತಾಗಿರಲಿಲ್ಲ.

"ಏ ಭಾವು, ಥಾಂಬಾ! ನಿಲ್ಲಸ ಅದನ್ನ!" ಎಂದು ಪಾರವ್ವ ಎಂಥ ದನಿ ತೆಗೆದಳೆಂದರೆ ಮಿಸ್ತ್ರಿಯ ಕೈಯಿಂದ ಕಾನಸು ಜಾರಿ ಠಣ್ ಎಂದಿತು. ಮುಂದಕ್ಕೆ ನುಗ್ಗಿ ಕ್ಯಾಮೆರಾ ಕಸಿದುಕೊಂಡಳು. "ಮುತ್ತೈದಿ ಹೆಸರು ಕೆರೀತೀರೇನು? ನಾ ಇನ್ನೂ ಜೀವಂತ ಅದೀನಿ! ಗಾಜಿನ ಕಪಾಟಿನ್ಯಾಗ ನಿಮ್ಮ ಅಜ್ಜನ್ನ ಇಟಗೋರಿ!"

ಸಫಾರಿಯವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಎರಡು ಹೆಜ್ಜೆ ಹಿಂದೆ ಸರಿದರು.

ಇಬ್ಬರೂ ಕೆರೆಯ ಕಟ್ಟೆಯ ಮೇಲೆ ಬಂದು ಕುಳಿತರು. ಕಡಲೆ ಮಾರುವವನು ಬಂದು ನಿಂತು ನೋಡಿ ಹೋದ. ಸೋಮಣ್ಣ, "ನಳ ಹೋತಲ್ಲ," ಎಂದ.

"ಹೋದ್ರ ಹೋಗಲಿ. ಇವತ್ತಿಲ್ಲ ನಾಳೆ ಬರತೈತಿ. ಕೊಡ ಹೊತ್ತ ಸೊಂಟ ಇನ್ನೂ ಗಟ್ಟಿ ಐತಿ." ಪಾರವ್ವ ಮಡಿಲಲ್ಲಿದ್ದ ಕ್ಯಾಮೆರಾದ ಮೇಲಿನ ಅಕ್ಷರಗಳನ್ನು ಬೆರಳಿನಿಂದ ಸವರಿದಳು. "ಮನಿ ತುಂಬ ಭಾಂಡೆ ಮ್ಯಾಲ ನನ್ನ ಹೆಸರೈತ್ರಿ. ಅವನ್ನ ತಿಕ್ಕಾಕಿನೂ ನಾನ. ಓದಿದವರು ಯಾರು? ಇವತ್ತ ಅಷ್ಟು ದೊಡ್ಡ ದೊಡ್ಡ ಮಂದಿ ಬಗ್ಗಿ ಬಗ್ಗಿ ನೋಡಿದ್ರು. ಅದೂ ಹೋಗಲಿ. ನೀವು..." ಆಕೆ ಅಕ್ಷರಗಳಿಂದ ಕಣ್ಣೆತ್ತಿದಳು. "ನೀವು ನನ್ನ ಹೆಸರು ಹಿಡದು ಹೇಳಿದ್ರಲ್ರೀ. ಹದಿನೈದು ವರ್ಷಕ್ಕ. ಹೆಂಗ ಕೆರಸಲಿ ಅದನ್ನ?"

ಸೋಮಣ್ಣನಿಗೆ ಕ್ಯಾಮೆರಾ ಉಳಿದ ಸಂತೋಷವೋ, ಇವಳು ಇಂಥವಳು ಎಂದು ಇಷ್ಟು ದಿನ ತಿಳಿಯದ ಸಂಕಟವೋ, ಎರಡೂ ಸೇರಿ ಬಂದವು. ಏನಾದರೂ ಹೇಳಬೇಕೆನಿಸಿತು. "ಪಾರವ್ವಾ," ಎಂದ. ಅದೇ ಸಾಕಾಗಿತ್ತು.

ಪಾರವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಥಟ್ಟನೆ ಎದ್ದಳು. "ಇದರ ಮ್ಯಾಲ ಯಾರ ಹೆಸರೈತಿ?"

"ನಿಂದ."

"ಅಂದಮ್ಯಾಲ ಇದು ನಂದ. ಅಲ್ಲಿ ನಿಂದರ್ರಿ. ನಾ ನಿಮ್ಮ ಫೋಟೋ ತೆಗೀತೀನಿ."

ಸೋಮಣ್ಣನ ಚೀಲದಲ್ಲಿ ಅಭ್ಯಾಸಬಲದಿಂದ ಒಂದು ರೀಲು ಇದ್ದೇ ಇತ್ತು. ಅಲ್ಲೇ ಕುಳಿತು ತುಂಬಿಸಿಕೊಟ್ಟು, ಕೆರೆಗೆ ಬೆನ್ನು ಮಾಡಿ ನಿಂತ. ಇಷ್ಟು ವರ್ಷ ಊರಿಗೆಲ್ಲ ಹೀಗೆ ನಿಲ್ಲಿ, ಹಾಗೆ ನಿಲ್ಲಿ ಎಂದವನಿಗೆ ತನ್ನ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

"ಅಯ್ಯ, ಇಬ್ಬಿಬ್ಬರು ಕಾಣತೀರಿ! ಒಬ್ಬಾಂವನ್ನ ಸಂಭಾಳಿಸೋದ ಸಾಕಾಗೈತಿ," ಎಂದಳು ಪಾರವ್ವ ಕಿಂಡಿಗೆ ಕಣ್ಣಿಟ್ಟು.

"ಮುಂದಿನ ಲೆನ್ಸ್ ಮೆಲ್ಲಕ ತಿರುಗಸು. ಇಬ್ಬರೂ ಒಂದಾಗೂತನಾ."

ಆಕೆ ತಿರುಗಿಸಿದಳು, ನಾಲಿಗೆಯ ತುದಿ ಹೊರಗೆ ಹಾಕಿ. "ಬಂದ್ರು, ಬಂದ್ರು... ಆಯ್ತು! ಒಂದಾದ್ರಿ!"

ಆಗ ಸೋಮಣ್ಣ ನೋಡಿದ. ಲೆನ್ಸಿನ ಮೇಲೆ ಕರಿ ಮುಚ್ಚಳ ಹಾಗೇ ಕುಳಿತಿತ್ತು.

ಕಮಲಾಕ್ಷ ಭಟ್ಟರ ಮದುವೆ, ಗಲ್ಲಾದ ಮುಂದಿನ ಮಾನಹಾನಿ, ಎಲ್ಲ ಕಣ್ಣ ಮುಂದೆ ಬಂತು. ಹೇಳಲು ಬಾಯಿ ತೆರೆದ. ಕ್ಯಾಮೆರಾದ ಹಿಂದೆ ಪಾರವ್ವನ ಅರ್ಧ ಮುಖ ಕಾಣುತ್ತಿತ್ತು. ಅಷ್ಟು ಶ್ರದ್ಧೆಯಿಂದ ಅವನನ್ನು ಯಾರೂ ಯಾವತ್ತೂ ನೋಡಿರಲಿಲ್ಲ. ಬಾಯಿ ಮುಚ್ಚಿ ನಕ್ಕ. ಗುಂಡಿ ಚಿಟಕ್ ಎಂದಿತು.

"ಬಂತೇನ್ರಿ?"

"ಭಾರೀ ಛಲೋ ಬಂತು. ಇನ್ನೊಂದು ತೆಗಿ. ತಡಿ, ಕೈ ಹಿಂಗ ಹಿಡಿಬೇಕು," ಎಂದು ಹತ್ತಿರ ಹೋಗಿ, ಅವಳ ಮೊಣಕೈ ಸರಿಮಾಡುವ ನೆಪದಲ್ಲಿ ಮುಚ್ಚಳವನ್ನು ಮೆಲ್ಲಗೆ ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡು, ಮತ್ತೆ ಹೋಗಿ ನಿಂತ.

ಆ ಎರಡನೆಯ ಫೋಟೋ ಈಗಲೂ ಇದೆ. ಮೂರು ವರ್ಷದ ಮೇಲೆ, ಸೋಮಣ್ಣ ಕಂಪನಿಯಲ್ಲಿ ಸಾಲ ತೆಗೆದು ಠಾಕುರ್ಲಿಗೆ ಮನೆ ಮಾಡಿದಾಗ, ಪಾರವ್ವ ಅದನ್ನು ಅಡುಗೆಮನೆಯಲ್ಲಿ ನಳದ ಮೇಲೆಯೇ ಮೊಳೆ ಹೊಡೆದು ತೂಗುಹಾಕಿದಳು. ನಳದಲ್ಲಿ ನೀರು ಬರುವುದು ದಿನಕ್ಕೆ ಮುಕ್ಕಾಲು ತಾಸು, ಅದು ಮುನಸಿಪಾಲಟಿಯವರ ಪ್ರಾರಬ್ಧ. ಕೆರೆ ವಾಲಿದೆ, ಸೋಮಣ್ಣನ ಪಾದಗಳಿಲ್ಲ, ಆದರೆ ಹಲ್ಲು ಅಷ್ಟೂ ಕಾಣುತ್ತವೆ. ಬಲಗೈ ಮಾತ್ರ ಬಿಗಿಯಾಗಿ ಮುಷ್ಟಿ ಕಟ್ಟಿದೆ.

ಆ ಫೋಟೋ ತೊಳೆಸಿಕೊಂಡು ಬಂದ ದಿನ ಗಂಡ ಹೆಂಡತಿ ಇಬ್ಬರೂ ಭಟ್ಟರ ಹೋಟೆಲಿಗೇ ಮೊದಲು ಹೋಗಿದ್ದರು. ಪಾರವ್ವ ನೆಗೆಟಿವ್ ಪಟ್ಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದಳು.

"ಎರಡು ತೆಗದಿದ್ನಿ. ಮೊದಲನೇದು ಎಲ್ಲೈತ್ರಿ? ಇಲ್ಲಿ ಬರೇ ಬಯಲು ಐತಿ."

ಸೋಮಣ್ಣನ ಕೈಯ ಇಡ್ಲಿ ಅರ್ಧದಲ್ಲೇ ನಿಂತಿತು. ಗಲ್ಲಾದಲ್ಲಿದ್ದ ಭಟ್ಟರು ಪಟ್ಟಿ ತೆಗೆದುಕೊಂಡು ನೋಡಿದರು. ಆ ಬಯಲನ್ನು ಅವರಷ್ಟು ಚೆನ್ನಾಗಿ ಬಲ್ಲವರು ಲೋಕದಲ್ಲಿ ಯಾರಿದ್ದಾರೆ? ಆಮೇಲೆ ಫೋಟೋ ನೋಡಿದರು, ಮುಷ್ಟಿ ನೋಡಿದರು. ಸೋಮಣ್ಣನ ಮುಖ ನೋಡಿದರು. ಹತ್ತು ವರ್ಷದ ಬಾಕಿ ಬಡ್ಡಿಸಹಿತ ತೀರಿಸಿಕೊಳ್ಳುವ ಗಳಿಗೆ ಬಾಯಿಗೇ ಬಂದಿತ್ತು. ಭಟ್ಟರು ಒಂದು ಸಲ ಉಗುಳು ನುಂಗಿದರು.

"ಮೊದಲನೆಯದ್ದು ಹಾಗೇ ಪಾರಕ್ಕ," ಎಂದರು, ಪಟ್ಟಿ ಹಿಂದಕ್ಕೆ ಕೊಡುತ್ತ. "ಅದು ಯಾವಾಗಲೂ ಬರುವುದಿಲ್ಲ. ನಮ್ಮ ಮದುವೆಯದ್ದೂ ಹಾಗೇ ಆದದ್ದು, ಸೋಮಣ್ಣನ ತಪ್ಪೇನೂ ಇಲ್ಲ."